ಸೆಲೀನಾ ಹೊತ್ತ ಹರಕೆ

ಶಿಶಿರವು ಹೋಗಲೊಲ್ಲದೆ, ವಸಂತವು ಬರಲೊಲ್ಲದೆ, ಎರಡೂ ಒಂದೇ ಹೊಸ್ತಿಲಲ್ಲಿ ನಿಂತು ಸಂಕೋಚಪಡುವ ಆ ಕೆಲವೇ ದಿನಗಳಲ್ಲಿ ಕಡಲು ಒಳನಾಡಿಗೆ ಚಾಚಿದ ತೋಳಿನಂಥ ಘಣಸೋಲಿಯ ಖಾರಿಯ ಮೇಲೆ ಸಂಜೆ ಇಳಿಯುವ ಬಗೆಯನ್ನು ನೀವು ನೋಡಿದ್ದೀರಾ, ಸಹೃದಯರೇ? ಇತ್ತ ಸೆಕ್ಟರುಗಳ ಬಹುಮಹಡಿ ಕಟ್ಟಡಗಳು ತಮ್ಮ ಗಾಜಿನ ಕಿಟಕಿಗಳ ತುಂಬ ಅಸ್ತಮಾನದ ಕುಂಕುಮವನ್ನು ತುಂಬಿಕೊಂಡು ನಿಲ್ಲುತ್ತವೆ. ಅತ್ತ ಹಳೆಯ ಊರಿನ ಮಾಡುಗಳಾಚೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಡುಹಸಿರು ರೇಖೆಯೊಂದು ಮಂಜಿನಲ್ಲಿ ಮಸುಕಾಗುತ್ತ ಹೋಗುತ್ತದೆ. ಅದರಾಚೆ, ಇಳಿತದ ನೀರು ಬಿಟ್ಟುಹೋದ ಬೂದುಬಣ್ಣದ ಕೆಸರಿನ ಮೇಲೆ, ದೂರದ ನೆಲಗಳಿಂದ ಹಾರಿಬಂದ ರಾಜಹಂಸಗಳ ಹಿಂಡು, ಯಾರೋ ಒಣಗಲೆಂದು ಹರವಿ ಮರೆತುಹೋದ ಗುಲಾಬಿ ಸೀರೆಯಂತೆ ಹಾಸಿಕೊಂಡಿರುತ್ತದೆ. ಗಾಳಿಯಲ್ಲಿ ಉಪ್ಪಿನ ವಾಸನೆ, ಎಲ್ಲೋ ಸುಡುತ್ತಿರುವ ಒಣಹುಲ್ಲಿನ ವಾಸನೆ... ಇಂಥ ಶಾಂತಿಯ ಮಡಿಲಲ್ಲಿ ಭಯವೂ ಇರಬಲ್ಲದೆ?

ಇತ್ತು. ರೈಲು ನಿಲ್ದಾಣದ ಮೇಲ್ಸೇತುವೆಯ ಕಂಬಿಯನ್ನು ಎರಡೂ ಕೈಗಳಿಂದ ಹಿಡಿದು ನಿಂತಿದ್ದ ಸೆಲೀನಾ ಆ ಸೌಂದರ್ಯರಾಶಿಯಲ್ಲಿ ಒಂದು ಕಣವನ್ನೂ ಕಾಣುತ್ತಿರಲಿಲ್ಲ. ಅವಳ ಹಣೆಯ ಮೇಲೆ, ಕಳೆದ ವರ್ಷದ ಒಣ ತಾಳೆಗರಿಗಳನ್ನು ಸುಟ್ಟ ಬೂದಿಯಿಂದ ಚರ್ಚಿನ ಗುರುಗಳು ಎಳೆದ ಪುಟ್ಟ ಶಿಲುಬೆ. ಅದು ವಿಭೂತಿ ಬುಧವಾರ. ಪಾಸ್ಖ ಹಬ್ಬದವರೆಗೆ, ಎಂದರೆ ಈಸ್ಟರಿನವರೆಗೆ, ನಡೆಯುವ ತಪಸ್ಸುಕಾಲದ ಮೊದಲ ದಿನ.

ಸೆಲೀನಾ ಠಾಣೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಳು. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಿಂದ, ಅವಳು ಹುಟ್ಟುವುದಕ್ಕೂ ಮೊದಲೇ, ಕೆಲಸವನ್ನರಸಿ ಈ ಕಡೆಗೆ ಬಂದ ಕನ್ನಡ ಕ್ರೈಸ್ತ ಕುಟುಂಬದ ಏಕಮಾತ್ರ ಕುಡಿ ಅವಳು. ತಾಯಿಯ ಮುಖ ಅವಳಿಗೆ ಪಟದಲ್ಲಿ ಮಾತ್ರ ಪರಿಚಿತ. ಕಾರ್ಖಾನೆಯೊಂದರಲ್ಲಿ ವಿದ್ಯುತ್ ವಿಭಾಗದ ಮೇಲ್ವಿಚಾರಕನಾಗಿದ್ದ ತಂದೆ ಇನ್ನಾಸಪ್ಪ, ತಮ್ಮನ ಕೂಸನ್ನು ಸಾಕಲೆಂದು ಊರು ಬಿಟ್ಟು ಬಂದು ಇಲ್ಲಿಯೇ ಉಳಿದುಹೋದ ಸೋದರತ್ತೆ ಮರಗಮ್ಮ, ಇವರಿಬ್ಬರೇ ಅವಳ ಲೋಕ. ತಪಸ್ಸುಕಾಲವನ್ನು ಅವಳು ಎಂದೂ ವಾಡಿಕೆಯೆಂದು ಆಚರಿಸಿದವಳಲ್ಲ. ಒಂದು ಹೊತ್ತಿನ ಊಟ ಬಿಡುವ ಮೊದಲು ಯಾಕೆ ಬಿಡುತ್ತಿದ್ದೇನೆಂದು ತನ್ನನ್ನೇ ಕೇಳಿಕೊಳ್ಳುವವಳು. ಈ ಸಲವೂ ಯೋಚಿಸಿಟ್ಟಿದ್ದಳು: ಸಂಜೆಯ ನಂತರ ಫೋನನ್ನು ಮುಟ್ಟಬಾರದು, ಭಾನುವಾರಗಳಲ್ಲಿ ಐರೋಲಿಯ ವೃದ್ಧಾಶ್ರಮಕ್ಕೆ ಹೋಗಿ, ಯಾರೂ ಮಾತಾಡಿಸದ ಮುದುಕಿಯರ ಬಳಿ ಕೂರಬೇಕು.

ಆ ಸಂಕಲ್ಪಗಳೆಲ್ಲ ಹಿಂದಿನ ದಿನದ ಬೆಳಗ್ಗೆ, ಕಾಫಿ ಲೋಟ ನೆಲಕ್ಕೆ ಬಿದ್ದ ಸದ್ದಿನೊಂದಿಗೆ ಚೂರಾಗಿದ್ದವು. ಅಡುಗೆಮನೆಯ ಬಾಗಿಲಲ್ಲಿ ಇನ್ನಾಸಪ್ಪ ಗೋಡೆಗೆ ಒರಗಿಕೊಂಡು, ಏನನ್ನೋ ಹೇಳಲು ಬಾಯಿ ತೆರೆದು, ಹೇಳಲಾರದೆ, ಮೆಲ್ಲಗೆ ಕುಸಿದಿದ್ದ. ಠಾಣೆಯ ಮಾಜಿವಾಡಾದ ಬಳಿಯ ಆಸ್ಪತ್ರೆಯಲ್ಲಿ ವೈದ್ಯರು ಮಾತನ್ನು ಸುತ್ತಿ ಬಳಸಿ ಹೇಳಲಿಲ್ಲ. ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆ, ಶಸ್ತ್ರಚಿಕಿತ್ಸೆ ಆಗಲೇಬೇಕು; ಆದರೆ ಶ್ವಾಸಕೋಶದಲ್ಲಿ ಸೋಂಕಿದೆ, ಅದು ಇಳಿಯುವವರೆಗೆ ಕೆಲವು ವಾರ ಕಾಯಬೇಕು; ಅಲ್ಲಿಯವರೆಗೆ ಈ ಹೃದಯ ತಾಳುವುದೇ ಎಂದು ಈಗಲೇ ಹೇಳಲಾಗದು.

ಮರುದಿನ ಬೂದಿಗಾಗಿ ಹಣೆಯೊಡ್ಡಿ ನಿಂತಾಗ, ಮನುಷ್ಯ ಮಣ್ಣೆಂದು ನೆನಪಿಸುವ ಆ ಪುರಾತನ ಮಾತು, ವರ್ಷವರ್ಷವೂ ಕೇಳಿದ ಮಾತು, ಮೊದಲ ಬಾರಿಗೆ ಅವಳ ಎದೆಗೆ ಹಿಮದ ಸಲಾಕೆಯಂತೆ ಇಳಿಯಿತು. ಮಣ್ಣು... ಅಪ್ಪನೂ? ಆ ಕ್ಷಣದಲ್ಲಿ, ಭಯವಿಹ್ವಲವಾದ ಆ ಹೃದಯವು ತನ್ನ ಬಳಿ ಕೊಡಲು ಏನಿದೆಯೆಂದು ಕತ್ತಲಲ್ಲಿ ತಡಕಾಡುವವರಂತೆ ತಡಕಿತು. ಫೋನು, ಮಾಂಸ, ಸಿಹಿ, ಇವೆಲ್ಲ ಎಷ್ಟು ಕ್ಷುಲ್ಲಕ! ತಂದೆಯ ಪ್ರಾಣಕ್ಕೆ ಸರಿದೂಗುವಂಥದು ಒಂದೇ ಒಂದು ಇತ್ತು. ಅವಳು ಕಣ್ಣು ಮುಚ್ಚಿ ಅದನ್ನೇ ಎತ್ತಿ ದೇವರ ಪೀಠದ ಮುಂದಿಟ್ಟಳು: ರಂಜನನನ್ನು ಬಿಡುತ್ತೇನೆ. ಪಾಸ್ಖದವರೆಗೆ ಅವನೊಡನೆ ಮಾತಿಲ್ಲ, ನೋಟವಿಲ್ಲ. ಬೇಕೆಂದರೆ ಎಂದೆಂದಿಗೂ. ಅಪ್ಪನನ್ನು ಮಾತ್ರ ಉಳಿಸು.

ರಂಜನ್ ಯಾರೆಂದು ಹೇಳದೆ ಮುಂದೆ ಹೋಗುವುದು ಹೇಗೆ? ವರ್ತಕ ನಗರದಲ್ಲಿ ಊಟದ ಹೋಟೆಲು ನಡೆಸುವ ಶಂಭು ಮತ್ತು ಜಯಲತಾ ದಂಪತಿಯ ಮಗ. ಹತ್ತನೆಯ ತರಗತಿಯವರೆಗೆ ಉಡುಪಿ ಕಡೆಯ ಅಜ್ಜಿಮನೆಯಲ್ಲಿ ಕನ್ನಡ ಶಾಲೆ ಓದಿ ಬಂದವನು. ಸೆಲೀನಾಳ ತರಗತಿಯಲ್ಲಿಯೇ, ಪ್ರಯೋಗಾಲಯದ ಎದುರು ಮೇಜಿನಲ್ಲಿ ನಿಲ್ಲುವವನು. ಇಡೀ ತರಗತಿ ಹಿಂದಿ ಮರಾಠಿಗಳಲ್ಲಿ ಗದ್ದಲವೆಬ್ಬಿಸುವಾಗ, ಒಡೆದ ಗಾಜಿನ ನಳಿಕೆಯೊಂದನ್ನು ಎತ್ತುತ್ತ ಅವನು ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿಕೊಂಡದ್ದನ್ನು ಕೇಳಿ ಅವಳು ನಕ್ಕಿದ್ದಳು; ಅಲ್ಲಿಂದ ಶುರು. ಮುಂಗಾರಿನ ಮೊದಲ ಮೋಡ ಎಲ್ಲಿ ಹುಟ್ಟಿತೆಂದು ಯಾರಿಗೂ ಕಾಣದ ಹಾಗೆ, ಸ್ನೇಹ ಎಂದು ಅನುರಾಗವಾಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮನೆಯಲ್ಲಿ ಹೇಳುತ್ತೇನೆಂದು ಜನವರಿಯಲ್ಲಿ, ಮಾಸುಂದಾ ಕೆರೆಯ ದಂಡೆಯ ಮೇಲೆ, ಅವನು ಮೃದುವಾಗಿ ಹೇಳಿದ್ದ. ಅವಳು ಅಪ್ಪನಿಗೆ ಇನ್ನೂ ಹೇಳಿರಲಿಲ್ಲ, ಹೇಳಲು ಧೈರ್ಯವಾಗಿರಲಿಲ್ಲ.

ಗುರುವಾರ ಪ್ರಯೋಗಾಲಯದ ಹೊರಗೆ ಅವಳು ಅವನನ್ನು ತಡೆದು ನಿಲ್ಲಿಸಿದಳು.

"ಈಸ್ಟರ್ ತನಕ ನನ್ನ ಜೊತೆ ಮಾತಾಡ್ಬೇಡ. ಫೋನೂ ಮಾಡ್ಬೇಡ. ಯಾಕೆ ಅಂತ ಕೇಳ್ಬೇಡ."

"ನನ್ನಿಂದ ಎಂತಾದ್ರೂ ತಪ್ಪಾಯ್ತಾ?"

"ಇಲ್ಲ."

ಅವನು ಪ್ರಯೋಗಾಲಯದ ಕೋಟನ್ನು ಕಳಚಿ ತೋಳಿನ ಮೇಲೆ ಹಾಕಿಕೊಂಡ. "ಅಪ್ಪನಿಗೆ ಹುಷಾರಾದ್ರೆ ಅದೊಂದು ಮೆಸೇಜ್ ಹಾಕ್ತೀಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಆಯ್ತು," ಎಂದಷ್ಟೇ ಹೇಳಿ ಅವನು ದಾರಿ ಬಿಟ್ಟ. ಆ ಒಂದು ಶಬ್ದದ ಸೌಜನ್ಯವು ಅವಳನ್ನು ಯಾವ ಜಗಳಕ್ಕಿಂತಲೂ ಹೆಚ್ಚಾಗಿ ಇರಿಯಿತು.

ಆಮೇಲಿನ ದಿನಗಳು... ಅವುಗಳನ್ನು ದಿನಗಳೆನ್ನಬೇಕೆ? ಬೆಳಗ್ಗೆ ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಠಾಣೆಗೆ, ತರಗತಿ ಮುಗಿದೊಡನೆ ರಿಕ್ಷಾದಲ್ಲಿ ಆಸ್ಪತ್ರೆಗೆ, ಅಲ್ಲಿಂದ ಮನೆಗೆ. ಫೋನು ಒಮ್ಮೆ ಅದುರಿದರೆ ಆಸ್ಪತ್ರೆಯ ಸಂಖ್ಯೆಯೇ ಎಂದು ಮೊದಲು ನೋಡುತ್ತಿದ್ದಳು. ರೈಲು ಖಾರಿಯ ಸೇತುವೆಯನ್ನು ದಾಟುವಾಗ, ನೀರಿನ ಮೇಲೆ ಬಿಸಿಲು ಬೆಳ್ಳಿಯ ಪುಡಿಯನ್ನು ಚೆಲ್ಲಿದ್ದರೂ, ಅವಳಿಗೆ ಕಾಣುತ್ತಿದ್ದುದು ತಂದೆಯ ಹಾಸಿಗೆಯ ಪಕ್ಕದ ಯಂತ್ರದಲ್ಲಿ ಏರಿಳಿಯುವ ಆ ಹಸಿರು ಗೆರೆ ಮಾತ್ರ. ಒಂದು ದಿನ, ಯಾರೋ ಹೇಳಿದ ತಮಾಷೆಗೆ ತರಗತಿಯೆಲ್ಲ ನಗುವಾಗ, ಅವಳ ಕಣ್ಣು ತಾನಾಗಿ ರಂಜನನ ಕಣ್ಣನ್ನು ಹುಡುಕಿತು, ಇಬ್ಬರೂ ನಸುನಕ್ಕರು. ಆ ಸಂಜೆ ಇನ್ನಾಸಪ್ಪನಿಗೆ ಉಸಿರುಕಟ್ಟಿ, ದಾದಿಯರು ಓಡಿಬಂದು ಮುಖಕ್ಕೆ ಆಮ್ಲಜನಕದ ಮುಸುಕು ಕಟ್ಟಿದರು. ಗೋಡೆಯ ಮೂಲೆಯಲ್ಲಿ ನಿಂತ ಸೆಲೀನಾಳಿಗೆ ಸಂಶಯವೇ ಉಳಿಯಲಿಲ್ಲ. ಒಂದು ನಸುನಗೆ, ಅದಕ್ಕೆ ಇದು ದಂಡ! ರಸಾಯನಶಾಸ್ತ್ರ ಓದಿದ ಬುದ್ಧಿ ಇದು ಸುಳ್ಳೆಂದು ಪಿಸುಗುಟ್ಟಿತು. ಭಯ ಅದರ ಬಾಯಿ ಮುಚ್ಚಿಸಿತು.

ಅಂದಿನಿಂದ ಅವಳು ಊಟವನ್ನೂ ಕಡಿಮೆ ಮಾಡಿದಳು. ಹರಕೆಯಲ್ಲಿ ಎಲ್ಲಿಯೂ ಬಿರುಕು ಉಳಿಯಬಾರದೆಂದು, ಕಾಲೇಜಿನಲ್ಲಿ ತಲೆ ತಗ್ಗಿಸಿಯೇ ನಡೆದಳು. ಶುಕ್ರವಾರ ಸಂಜೆಗಳಲ್ಲಿ ಚರ್ಚಿನ ಗೋಡೆಯ ಮೇಲಿನ ಶಿಲುಬೆಹಾದಿಯ ಚಿತ್ರಗಳೆದುರು ಎಲ್ಲರೊಡನೆ ಮೊಣಕಾಲೂರುವಾಗ, ಶಿಲುಬೆಯ ಹೊರೆ ಹೊತ್ತು ಬೀಳುತ್ತೇಳುತ್ತ ನಡೆಯುವ ಆ ಪರಮಕರುಣಾಳುವಿನ ವೇದನೆ ಅವಳನ್ನು ಮುಟ್ಟುತ್ತಿರಲಿಲ್ಲ. ಮೊದಲೆಲ್ಲ ಅಳು ಬರುತ್ತಿದ್ದ ಜಾಗದಲ್ಲಿ ಈಗ ಒಂದೇ ಪ್ರಶ್ನೆ: ನಾನು ಕೊಟ್ಟದ್ದು ಸಾಕೆ?

"ಉಪ್ವಾಸ ಸರಿ ಕನವ್ವ," ಎಂದಳು ಮರಗಮ್ಮ ಒಂದು ಬೆಳಗ್ಗೆ, ಮುಟ್ಟದೆ ಉಳಿದ ರೊಟ್ಟಿಯ ತಟ್ಟೆಯನ್ನು ನೋಡುತ್ತ. "ಪ್ರತಿ ವರ್ಸ ನಾನೂ ಮಾಡ್ತೀನಿ. ನಿನ್ ಮೊಕ ನೋಡುದ್ರೆ ತಪಸ್ಸು ಮಾಡೋರ ಮೊಕ ಇದ್ದಂಗಿಲ್ಲ. ಯಾರೋ ಅಟ್ಟುಸ್ಕೊಂಡು ಬರ್ತಾವ್ರೆ ಅನ್ನಂಗಿದೆ."

ಸೆಲೀನಾ ತಟ್ಟೆಯನ್ನು ಮುಚ್ಚಿಟ್ಟು ಚೀಲ ಎತ್ತಿಕೊಂಡಳು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಅದೂ ಕೆಟ್ಟೀತೆಂಬ ಹೆದರಿಕೆ.

ಆದರೆ ಯೇವೂರು ಬೆಟ್ಟದ ಮುತ್ತುಗಗಳು ಕೆಂಡದಂತೆ ಅರಳಿದ ಆ ವಾರಗಳಲ್ಲಿ ಇನ್ನಾಸಪ್ಪನ ಮುಖಕ್ಕೆ ಮೆಲ್ಲಮೆಲ್ಲನೆ ಕಳೆ ಬರತೊಡಗಿತು. ಕೆಮ್ಮು ತಗ್ಗಿತು. ಊರಿನ ಸುದ್ದಿ, ಕಾವೇರಿಯ ನೀರಿನ ಸುದ್ದಿ, ಕನ್ನಡ ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಅವನು ಸಂಜೆ ಮಗಳಿಗೆ ಹೇಳುವನು. ಆ ಪತ್ರಿಕೆ ಅಪ್ಪನ ಕೈಗೆ ಹೇಗೆ ಬಂತೆಂದು ಅವಳು ಯೋಚಿಸಲಿಲ್ಲ; ಹರಕೆ ಫಲಿಸುತ್ತಿದೆಯೆಂದೇ ಅವಳ ಎಣಿಕೆ. ಹಾಗಿರುತ್ತ, ಒಂದು ಮಧ್ಯಾಹ್ನ ಉಪನ್ಯಾಸ ರದ್ದಾಗಿ ಅವಳು ಬೇಗ ಆಸ್ಪತ್ರೆಗೆ ಬಂದಳು. ಮರಗಮ್ಮ ಅಡುಗೆಗೆಂದು ಮನೆಗೆ ಹೋಗಿರುವ ಹೊತ್ತು. ವಾರ್ಡಿನ ಬಾಗಿಲಲ್ಲಿ ನಿಂತುಬಿಟ್ಟಳು.

ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ, ದಿಂಬಿಗೆ ಒರಗಿ ಕುಳಿತ ಅಪ್ಪ, ಕಣ್ಣು ಮುಚ್ಚಿ, ಶಿಶುವಿನ ನಂಬುಗೆಯಿಂದ ಗದ್ದವನ್ನೆತ್ತಿದ್ದ. ಗದ್ದದ ತುಂಬ ಸೋಪಿನ ನೊರೆ. ಹಾಸಿಗೆಯಂಚಿನಲ್ಲಿ ಕುಳಿತು, ಒಂದು ಕೈಯಿಂದ ಅವನ ಕೆನ್ನೆಯನ್ನು ಮೆಲ್ಲಗೆ ಹಿಡಿದು, ಇನ್ನೊಂದು ಕೈಯಿಂದ ಕ್ಷೌರ ಮಾಡುತ್ತಿದ್ದವನು ರಂಜನ್. ಪಕ್ಕದ ಮೇಜಿನ ಮೇಲೆ ಮಡಿಸಿಟ್ಟ ಕನ್ನಡ ಪತ್ರಿಕೆ.

"ಬಾ ಮಗ," ಎಂದ ಇನ್ನಾಸಪ್ಪ ಕಣ್ಣು ತೆರೆದು. "ನಿನ್ ಕಾಲೇಜಿನವನೇ ಅಂತೆ, ನಿನಗೆ ಹೇಳ್ಬೇಡಿ ಅಂದಿದ್ದ. ನನ್ ಕೈ ನಡುಗ್ತದೆ ಅಂತ ಗಡ್ಡಾನೂ ಇವ್ನೇ ತೆಗೀತಾನೆ. ನೀನು ಹೇಳೇ ಇಲ್ವಲ್ಲ ಇವನ ವಿಷ್ಯ."

ಆ ದೃಶ್ಯದ ಕೋಮಲತೆಯನ್ನು ಕಂಡು ಯಾವ ಹೆಣ್ಣಿನ ಹೃದಯ ಕರಗದು! ಸೆಲೀನಾಳದು ಕರಗಲಿಲ್ಲ, ಹೆಪ್ಪುಗಟ್ಟಿತು. ತಾನು ಪೀಠದ ಮುಂದಿಟ್ಟು ಬಂದದ್ದು ತನಗಿಂತ ಮೊದಲೇ ಅಪ್ಪನ ಹಾಸಿಗೆಯ ಪಕ್ಕಕ್ಕೆ ಬಂದು ಕುಳಿತಿದೆ. ಇನ್ನು ದೇವರಿಗೆ ಏನೆಂದು ಹೇಳುವುದು? ಅವಳು ರಂಜನನನ್ನು ಹೊರಗಿನ ಮೊಗಸಾಲೆಗೆ ಕರೆದಳು. ಕಿಟಕಿಯಾಚೆ ಮಾಜಿವಾಡಾದ ಮೇಲ್ಸೇತುವೆಗಳ ಮೇಲೆ ವಾಹನಗಳು ಎಡೆಬಿಡದೆ ಹರಿಯುತ್ತಿದ್ದವು.

"ಯಾವಾಗಿಂದ ಬರ್ತಿದೀಯ?"

"ಅಪ್ಪನ ಜೊತೆ ಮಾತಾಡ್ಬಾರ್ದು ಅಂತ ನೀನು ಹೇಳಿರ್ಲಿಲ್ಲ. ಮಧ್ಯಾಹ್ನ ಅವ್ರೊಬ್ರೇ ಇರ್ತಾರೆ ಅಂತ ಗೊತ್ತಾಯ್ತು. ಹಾಗೆ ಬಂದೆ."

"ಇನ್ಮೇಲೆ ಬರ್ಬೇಡ."

"ನಾಳೆ ಕಾಯ್ತಾರೆ ಅವ್ರು."

"ನೀನು ಬಂದ್ರೆ ಅಪ್ಪ ಉಳಿಯಲ್ಲ, ರಂಜನ್." ಮಾತು ಅವಳಿಗರಿಯದೆಯೇ ಬಾಯಿಂದ ಜಾರಿತ್ತು.

ಅವನ ಮುಖ ಬಿಳಿಚಿತು. ಬೆರಳುಗಳ ಮೇಲೆ ನೊರೆ ಇನ್ನೂ ಆರಿರಲಿಲ್ಲ. ಏನೋ ಕೇಳಬೇಕೆಂದು ತುಟಿ ತೆರೆದವನು, ಕೇಳಬಾರದೆಂದು ಅವಳು ಹೇಳಿದ್ದನ್ನು ನೆನೆದೋ ಏನೋ, ಒಳಗೆ ಹೋಗಿ ಉಳಿದರ್ಧ ಕ್ಷೌರವನ್ನು ಮುಗಿಸಿ, ಇನ್ನಾಸಪ್ಪನಿಗೆ ಕೈಮುಗಿದು, ಅವಳತ್ತ ನೋಡದೆ ಹೊರಟುಹೋದ. ಮೋಡದ ಹಿಂದೆ ಸರಿದ ಬಿಸಿಲಿನಂತೆ... ಸದ್ದೇ ಇಲ್ಲದೆ.

ಅವನು ಮತ್ತೆ ಬರಲಿಲ್ಲ. ಪತ್ರಿಕೆ ಬರಲಿಲ್ಲ. ಮಧ್ಯಾಹ್ನವಾಗುತ್ತಲೇ ಇನ್ನಾಸಪ್ಪನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಗೋಡೆಯ ಕಡೆಗೆ ತಿರುಗುತ್ತಿತ್ತು. ಮಾತು ಕಡಿಮೆಯಾಯಿತು. ಪಾಸ್ಖಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಕಳೆಯಿತು. ಸೋಂಕು ಇಳಿದಿದೆ, ಪವಿತ್ರ ಗುರುವಾರದಂದು ಶಸ್ತ್ರಚಿಕಿತ್ಸೆ ಮಾಡುತ್ತೇವೆಂದು ವೈದ್ಯರು ಹೇಳಿದಾಗ ಅವನು ಒಲ್ಲೆನೆಂದುಬಿಟ್ಟ. ಮರಗಮ್ಮ ಅತ್ತಳು, ವೈದ್ಯರು ತಿಳಿಹೇಳಿದರು, ಅವನು ಗೋಡೆಯನ್ನೇ ನೋಡುತ್ತಿದ್ದ.

ಬುಧವಾರ ಮಧ್ಯಾಹ್ನ ಸೆಲೀನಾ ಒಬ್ಬಳೇ ಅವನ ಬಳಿ ಕುಳಿತಳು.

"ಯಾಕಪ್ಪ ಬೇಡ ಅಂತೀಯ?"

ಗೋಡೆಯಿಂದ ಮುಖ ತಿರುಗಿಸಿ ಅವನು ಹೇಳಿದ: "ಭಯ ಆಗ್ತದೆ ಮಗ."

ಹುಟ್ಟಿದಾರಭ್ಯ ಅವಳು ತಂದೆಯ ಬಾಯಲ್ಲಿ ಕೇಳದ ಮಾತು ಅದು. ಹೆಂಡತಿಯನ್ನು ಮಣ್ಣಿಗಿಟ್ಟ ದಿನವೂ, ಕೂಸನ್ನೆತ್ತಿಕೊಂಡು ನೆಟ್ಟಗೆ ನಿಂತಿದ್ದನೆಂದು ಊರಿನವರು ಹೇಳುತ್ತಿದ್ದ ಮನುಷ್ಯ!

"ಎದೆ ಸೀಳ್ತಾರೆ ಅಂದ್ರೆ ಕೈಕಾಲೆಲ್ಲ ತಣ್ಣಗಾಗ್ತದೆ. ನಿನಗೆ ಹೇಳುದ್ರೆ ನೀನು ಹೆದರ್ತೀಯ. ಅಕ್ಕನಿಗೆ ಹೇಳುದ್ರೆ ಅಳ್ತಾಳೆ. ಆ ಹುಡುಗನ ಹತ್ರ ಮಾತ್ರ ಹೇಳ್ಕೊತಿದ್ದೆ. ಧೈರ್ಯ ತಂದ್ಕೊಳ್ಳಿ ಅಂತ ಅವನು ಒಂದ್ ದಿನಾನೂ ಅನ್ನಲಿಲ್ಲ. ಕೈ ಹಿಡ್ಕೊಂಡು ಸುಮ್ನೆ ಕೂತಿರೋನು. ಅವನೂ ಬರೋದು ಬಿಟ್ಟ. ನನ್ ಭಯ ನೋಡಿ ಬೇಜಾರಾಯ್ತೇನೋ."

ಸೆಲೀನಾಳ ಒಳಗೆ ಇಷ್ಟು ದಿನ ಬಿಗಿದುಕೊಂಡಿದ್ದುದು ಆಗ ಒಡೆಯಿತು. ಬೇಸಗೆಯ ಮೊದಲ ಮಳೆ ಒಣನೆಲದ ಮೇಲೆ ಬೀಳುವಂತೆ ಅವಳು ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಕೆರೆಯ ದಂಡೆಯ ಮಾತು, ವಿಭೂತಿಯ ದಿನದ ಹರಕೆ, ಆ ನಸುನಗೆ, ಆ ಸಂಜೆಯ ಉಸಿರು, ತಾನೇ ಅವನನ್ನು ಕಳಿಸಿಬಿಟ್ಟದ್ದು...

ಇನ್ನಾಸಪ್ಪನ ಕೈ ಅವಳ ತಲೆಯ ಮೇಲೆ ಬಂದು ನಿಂತಿತು.

"ದೇವ್ರು ನಿನ್ನ ಹತ್ರ ಕೇಳುದ್ರಾ, ಅವನನ್ನ ಕೊಡು ಅಂತ?"

"ಇಲ್ಲ."

"ನಾನು ಕೇಳಿದ್ನಾ?"

"ಇಲ್ಲಪ್ಪ."

"ಮತ್ತೆ ಯಾರಿಗ್ ಕೊಟ್ಟೆ ಮಗ?"

ಅವಳು ಅವನ ಹೊದಿಕೆಯಂಚಿನಲ್ಲಿ ಕಣ್ಣೊರೆಸಿಕೊಂಡಳು. ಅವನೇ ಮುಂದುವರಿಸಿದ: "ಫೋನ್ ಮಾಡು ಅವನಿಗೆ. ನಾಳೆ ಒಳಗೆ ಹೋಗೋ ಮುಂಚೆ ಅವನಿರ್ಲಿ. ಆಗ ಹೋಗ್ತೀನಿ."

ಪಾಠಕ ಮಹಾಶಯರೇ, ಫೋನಿನ ಮೇಲೆ ಒಂದು ಹೆಸರನ್ನು ಒತ್ತುವುದು ಎಷ್ಟು ಅಲ್ಪ ಕೆಲಸ! ಮೊಗಸಾಲೆಯ ಕಿಟಕಿಯ ಬಳಿ ನಿಂತ ಸೆಲೀನಾಳ ಬೆರಳು ಆ ಹೆಸರಿನ ಮೇಲೆ ಬಂದು ಬಂದು ಹಿಂದೆ ಸರಿಯಿತು. ತಂದೆಗೆ ಬೇಕಾದುದು ಒಂದು ಕಡೆ, ತಂದೆಯ ಪ್ರಾಣ ಇನ್ನೊಂದು ಕಡೆ ಎಂದೇ ಅವಳ ಭಯ ಇನ್ನೂ ಹೇಳುತ್ತಿತ್ತು. ಪಾಸ್ಖ ಇನ್ನು ಎಷ್ಟು ಹತ್ತಿರ, ಇಷ್ಟು ದೂರ ಬಂದು ಈಗ ಕೈಬಿಡುವೆಯಾ ಎಂದು ಅದು ಕೇಳುತ್ತಿತ್ತು. ಕೊನೆಗೆ ಅವಳು ಒತ್ತಿದ್ದು ಭಯ ಹೋದದ್ದರಿಂದಲ್ಲ. ಭಯದೊಡನೆಯೇ ಒತ್ತಿದಳು.

"ಹಲೋ," ಎಂಬ ಧ್ವನಿ ಕೇಳಿದೊಡನೆ ಅವಳು ಫೋನನ್ನು ಕಿವಿಗೆ ಒತ್ತಿಹಿಡಿದಳು.

"ಸೆಲೀನಾ? ಅಪ್ಪ ಹೇಗಿದ್ದಾರೆ?"

"ನಿನ್ನ ಕೇಳ್ತಿದಾರೆ," ಎಂದಳು. "ನಾನೂ."

ಪವಿತ್ರ ಗುರುವಾರದ ಬೆಳಗ್ಗೆ ರಂಜನ್ ಬಂದ. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿನವರೆಗೆ, ಚಲಿಸುವ ಮಂಚದ ಪಕ್ಕದಲ್ಲಿ, ಇನ್ನಾಸಪ್ಪನ ಕೈ ಹಿಡಿದು ನಡೆದ. ಬಾಗಿಲು ಮುಚ್ಚಿತು. ಮರಗಮ್ಮ ಜಪಸರ ತೆಗೆದಳು. ಸೆಲೀನಾ ಅವನಿಗೆ ಹರಕೆಯ ಕಥೆಯನ್ನೆಲ್ಲ ಹೇಳಿದಳು. ಅವನು ಕೋಪಿಸಿಕೊಳ್ಳಲಿಲ್ಲ. ಮಧ್ಯಾಹ್ನ ವೈದ್ಯರು, ಮುಗಿಯಿತು, ಚೆನ್ನಾಗಿ ಆಯಿತು ಎಂದರು. ಮೂವರೂ ಒಂದೇ ಬಾಟಲಿಯಿಂದ ನೀರು ಕುಡಿದರು. ಆದರೆ ಇಳಿಬಿಸಿಲಿನ ಹೊತ್ತಿಗೆ ದಾದಿಯೊಬ್ಬಳು ಅವಸರದಿಂದ ಬಂದಳು: ಒಳಗೆ ರಕ್ತ ನಿಲ್ಲುತ್ತಿಲ್ಲ, ಮತ್ತೆ ತೆರೆಯಬೇಕಾಗಿದೆ.

ಸೆಲೀನಾ ತನ್ನ ಕೈಬೆರಳನ್ನೇ ನೋಡಿದಳು. ನಾನೇ ಮಾಡಿದೆ... ನಿನ್ನೆ ಆ ಹೆಸರನ್ನೊತ್ತಿದ ಈ ಬೆರಳೇ ಮಾಡಿತು... ಮೂಲೆಯಲ್ಲಿ ಅಡಗಿದ್ದ ಹಳೆಯ ಭಯವು ಹೆಡೆಯೆತ್ತಿ ನಿಂತು, ಇನ್ನೂ ಕಾಲ ಮಿಂಚಿಲ್ಲ, ಈಗಲೇ ಇವನನ್ನು ಕಳಿಸು, ಎಂದೆಂದಿಗೂ ಕಳಿಸು, ಎಂದಿತು. ಅವಳ ಕಣ್ಣು ಆ ಬೆರಳಿನ ಮೇಲೆಯೇ ನೆಟ್ಟಿರುವುದನ್ನು ರಂಜನ್ ಕಂಡ. ಅವನಿಗೆ ಎಲ್ಲವೂ ಅರ್ಥವಾಯಿತು. ಅವನು ಎದ್ದು ನಿಂತ.

"ನಾನು ಹೋಗ್ಬೇಕಾ?" ಎಂದು ಕೇಳಿದ. ಆ ಸ್ವರದಲ್ಲಿ ದೂರಿರಲಿಲ್ಲ. "ನಿನಗೆ ಅದ್ರಿಂದ ಸಮಾಧಾನ ಆಗುದಾದ್ರೆ ಹೋಗ್ತೇನೆ. ಮತ್ತೆ ಬರುದಿಲ್ಲ."

ಮುಚ್ಚಿದ ಬಾಗಿಲನ್ನೂ ಎದುರು ನಿಂತವನನ್ನೂ ಅವಳು ನೋಡಿದಳು. ತಾನೀಗ ಹೌದೆಂದರೆ ಈ ಮನುಷ್ಯ ನಿಜವಾಗಿಯೂ ಹೋಗುವನು; ತನ್ನ ನೋವನ್ನು ಮಡಿಸಿಟ್ಟುಕೊಂಡು, ಪ್ರಶ್ನೆ ಕೇಳದೆ ಹೋಗುವನು. ಶುಕ್ರವಾರ ಶುಕ್ರವಾರವೂ ಗೋಡೆಯ ಮೇಲೆ ಅವಳು ನೋಡಿಯೂ ಕಾಣದಿದ್ದ ಪ್ರೀತಿ ಇಂಥದೇ ಅಲ್ಲವೆ? ಬೆಲೆ ಕೇಳದ್ದು, ಬೆಲೆ ಕಟ್ಟದ್ದು?

"ಹೋಗ್ಬೇಡ," ಎಂದಳು ಸೆಲೀನಾ. "ನಂಗೆ ತುಂಬ ಭಯ ಆಗ್ತಿದೆ. ಇಲ್ಲೇ ಕೂತ್ಕೋ."

ಅವನು ಕೂತ. ಅವಳು ಕಣ್ಣು ಮುಚ್ಚಿದಳು. ಆದರೆ ಈ ಸಲ ಯಾವ ಮಾತನ್ನೂ ಕೊಡಲಿಲ್ಲ, ಯಾವುದನ್ನೂ ಬಿಡುತ್ತೇನೆನ್ನಲಿಲ್ಲ. ಅಪ್ಪ ಒಳಗಿದ್ದಾನೆ, ನನಗೆ ಹೆದರಿಕೆಯಾಗಿದೆ, ನಮ್ಮ ಜೊತೆಗಿರು: ಇಷ್ಟೇ ಅವಳ ಪ್ರಾರ್ಥನೆ. ಭಯ ಹಾಗೆಯೇ ಇತ್ತು. ಊರಿನ ಚರ್ಚುಗಳಲ್ಲಿ, ಪವಿತ್ರ ಗುರುವಾರದ ಪದ್ಧತಿಯಂತೆ, ಗುರುಗಳು ಬಾಗಿ ಕುಳಿತು ಜನರ ಪಾದಗಳನ್ನು ತೊಳೆಯುತ್ತಿದ್ದ ಹೊತ್ತಿನಲ್ಲಿ ಬಾಗಿಲು ತೆರೆಯಿತು. ವೈದ್ಯರು ಮುಖದ ಮುಸುಕನ್ನು ಕೆಳಗೆಳೆದು, ರಕ್ತ ನಿಂತಿದೆ ಎಂದರು.

ಪಾಸ್ಖದ ಭಾನುವಾರ, ಪೂಜೆ ಮುಗಿಸಿ ಬಂದ ಸೆಲೀನಾಳಿಗೆ ಇನ್ನಾಸಪ್ಪ ಗೊಗ್ಗರು ದನಿಯಲ್ಲಿ ಹೇಳಿದ ಮೊದಲ ಮಾತು, ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲವೆಂದು. ಆ ವಾರವೇ ಶಂಭುವೂ ಜಯಲತಾಳೂ ನೋಡಲು ಬಂದರು. ಶಂಭು ಮರಗಮ್ಮನ ಬಳಿ ಗಂಜಿಯ ಬಗ್ಗೆಯೇ ಬಹಳ ಹೊತ್ತು ಮಾತಾಡಿದ; ಜಯಲತಾ ಸೆಲೀನಾಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ತುಂಬ ಸೊರಗಿದ್ದಿ, ಊಟ ಮಾಡು," ಎಂದಷ್ಟೇ ಹೇಳಿದಳು. ಅದು ಒಪ್ಪಿಗೆಯೋ, ಕನಿಕರವೋ, ಇನ್ನೂ ಯಾರಿಗೂ ತಿಳಿಯದು. ಹೇಳಬೇಕಾದ ಮಾತುಗಳು, ಎದುರಿಸಬೇಕಾದ ಮೌನಗಳು ಸೆಲೀನಾ, ರಂಜನ್ ಇಬ್ಬರಿಗೂ ಇನ್ನೂ ಬಹಳವಿದ್ದವು.

ಪ್ರೀತಿಸುವವರ ಎದೆಯಿಂದ ಭಯವನ್ನು ಕಿತ್ತುಹಾಕುವುದು ಬಹುಶಃ ಯಾವ ವ್ರತಕ್ಕೂ ಸಾಧ್ಯವಿಲ್ಲ. ಕಳೆದುಕೊಳ್ಳುವಂಥದು ಇರುವವರೆಗೆ ಹೃದಯ ನಡುಗುತ್ತಲೇ ಇರುತ್ತದೆ, ನಡುಗುವುದೇ ಅದರ ಧರ್ಮವೇನೋ... ಆದರೂ ಆ ನಡುಕದಲ್ಲಿ ನಾವು ನಮ್ಮವರನ್ನು ದೂರ ತಳ್ಳದೆ, ನನಗೆ ಹೆದರಿಕೆಯಾಗಿದೆ, ಹತ್ತಿರ ಕೂತುಕೋ ಎಂದು ಕೇಳುವಷ್ಟು ಬಡವರಾಗುವುದಾದರೆ, ಆ ಬಡತನದೊಳಗೆ ಎಂಥ ದಿವ್ಯವಾದ ಬೆಳಕೊಂದು ಮೆಲ್ಲನೆ ಬಂದು ನೆಲೆಸುತ್ತದೆ! ಸೆಲೀನಾ ಆ ವರ್ಷ ಆಚರಿಸಿದ ತಪಸ್ಸೆಂದರೆ, ಮೊಗಸಾಲೆಯ ಬೆಂಚಿನ ಮೇಲೆ ಕುಳಿತ ಆ ಒಂದು ಸಂಜೆ ಮಾತ್ರ.